ಸೂರ್ಯನ ಹಿಂದೆ ತಿರುಗುವ ಪ್ಯಾನೆಲ್: ತಿರುಗಿಸುವುದು ಸುಲಭ, ಉಳಿಸುವುದು ಕಷ್ಟ

ಬೆಳಗ್ಗೆ ಏಳೂವರೆಗೆಲ್ಲ ನಮ್ಮ ಹೊಲದಲ್ಲಿ ಬಿಸಿಲು ಚುರುಕಾಗುತ್ತದೆ. ಆದರೆ ಸೋಲಾರ್ ಪಂಪು ಮಾತ್ರ ಒಂಬತ್ತೂವರೆ ಆಗದೆ ನೀರೆತ್ತುತ್ತಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಮತ್ತೆ ನಿಂತುಬಿಡುತ್ತಿತ್ತು. ಸಂಜೆ ಆರರ ತನಕ ಬಿಸಿಲಿದೆ, ಬೋರಿನಲ್ಲಿ ನೀರಿದೆ, ಗಿಡ ಬಾಯಿ ಬಿಡುತ್ತಿದೆ. ಪಂಪು ಮಾತ್ರ ಸುಮ್ಮನೆ ಕೂತಿದೆ. ಇದು ನನ್ನ ಹೊಟ್ಟೆ ಉರಿಸುತ್ತಿದ್ದ ವಿಷಯ.

ನಮ್ಮದು ಪಾವಗಡ ತಾಲ್ಲೂಕು. ಸೋಲಾರ್ ನಮಗೆ ಹೊಸದಲ್ಲ. ತಿರುಮಣಿ ಸುತ್ತಲ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಇದೆ. ನನ್ನದು ಅಂಥ ದೊಡ್ಡ ಬಾಬತ್ತಲ್ಲ. ಎರಡೇ ಪ್ಯಾನೆಲ್, ತಲಾ 335 ವಾಟ್. ಅರ್ಧ ಎಚ್‌ಪಿಯ ಡಿಸಿ ಪಂಪು, 150 ಅಡಿಯಲ್ಲಿ ಇಳಿಬಿಟ್ಟಿದ್ದೇನೆ. ಬೋರಿನಲ್ಲಿ ಒಂದಿಂಚೂ ನೀರಿಲ್ಲ, ಆದರೆ ನಿಲ್ಲದೆ ಬರುತ್ತದೆ. ಈ ನೀರನ್ನು ನಂಬಿ 2019ರಲ್ಲಿ 100 ನುಗ್ಗೆ, 60 ನಿಂಬೆ ಸಸಿ ಇಟ್ಟೆ. ಉಳಿದ ಮೂರೂವರೆ ಎಕರೆ ಶೇಂಗಾ, ತೊಗರಿಗೆ ಮಳೆಯೇ ಗತಿ.

ಪ್ಯಾನೆಲ್ ಹಾಕಿಕೊಟ್ಟವರು ದಕ್ಷಿಣಕ್ಕೆ ಮುಖ ಮಾಡಿ ಭದ್ರ ಮಾಡಿ ಹೋದರು. ಸಾವಿರ ಲೀಟರಿನ ಟ್ಯಾಂಕಿಗೆ ತುಂಬಿಸಿ, ಖಾಲಿ ಮಾಡಿ ಲೆಕ್ಕ ಇಟ್ಟೆ. ಒಳ್ಳೆ ಬಿಸಿಲಿನ ದಿನ 9 ಟ್ಯಾಂಕು. ಈಗ ಅದೇ ಪ್ಯಾನೆಲ್, ಅದೇ ಪಂಪಿನಲ್ಲಿ 12 ಟ್ಯಾಂಕು ಬರುತ್ತದೆ. ಪ್ಯಾನೆಲ್ ಸೂರ್ಯನ ಜೊತೆ ತಿರುಗುತ್ತದೆ, ಅಷ್ಟೇ ವ್ಯತ್ಯಾಸ. ತಿರುಗಿಸುವ ಚೌಕಟ್ಟು ನಾನೇ ಮಾಡಿದ್ದು. ಒಂದು ಸಲ ಮಾಡಿ ಕೆಟ್ಟೆ. ಎರಡನೆಯದು 2022ರ ಫೆಬ್ರವರಿಯಲ್ಲಿ ಎದ್ದಿತು. ಮೂರು ಮಳೆಗಾಲ ದಾಟಿದ ಮೇಲೆಯೇ ಬರೆಯಬೇಕು ಅಂತ ಕಾದೆ.

ಯಾಕೆ ತಿರುಗಿಸಬೇಕು?

ಇರಿಚಲು ಮಳೆಗೆ ಮೊರ ಹಿಡಿದು ನೋಡಿ. ಮೊರವನ್ನು ನೆಲಕ್ಕೆ ಸಮವಾಗಿ ಹಿಡಿದರೆ ಸ್ವಲ್ಪ ಹನಿ ಬೀಳುತ್ತದೆ. ಹನಿ ಬರುವ ಕಡೆಗೆ ಎದುರು ಹಿಡಿದರೆ ಪೂರ್ತಿ ಬೀಳುತ್ತದೆ. ಬಿಸಿಲೂ ಹಾಗೆಯೇ. ಬೆಳಗ್ಗೆ ಎಂಟರ ಬಿಸಿಲಿನಲ್ಲಿ, ಮಲಗಿದ ಪ್ಯಾನೆಲ್ ಅರ್ಧಕ್ಕಿಂತ ಕಡಿಮೆ ಹಿಡಿಯುತ್ತದೆ. ಪೂರ್ವಕ್ಕೆ ಎದುರಾದ ಪ್ಯಾನೆಲ್ ಹೆಚ್ಚುಕಮ್ಮಿ ಪೂರ್ತಿ ಹಿಡಿಯುತ್ತದೆ.

ಪಂಪಿಗೆ ಇನ್ನೊಂದು ವಿಷಯ ಇದೆ. ಮನೆ ದೀಪದ ಬ್ಯಾಟರಿಗಾದರೆ ಸ್ವಲ್ಪ ಕರೆಂಟು ಬಂದರೂ ಅಷ್ಟು ಸೇರುತ್ತದೆ. ಪಂಪು ಹಾಗಲ್ಲ. ನೀರನ್ನು ನೂರೈವತ್ತು ಅಡಿ ಮೇಲಕ್ಕೆ ದೂಡುವಷ್ಟು ಶಕ್ತಿ ಬರುವ ತನಕ ಒಂದು ಹನಿಯೂ ಬರುವುದಿಲ್ಲ. ಅದಕ್ಕೇ ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆ ಪೂರಾ ನಷ್ಟ. ತಿರುಗಿಸಿದರೆ ಈ ಹೊತ್ತು ನಮಗೆ ಸಿಗುತ್ತದೆ. ಕೇಂದ್ರ ಸರ್ಕಾರದ ಸೋಲಾರ್ ಪಂಪಿನ ನಿಯಮಾವಳಿಯಲ್ಲಿ ಕೂಡ, ಇಷ್ಟು ಲೀಟರ್ ನೀರು ಬರಬೇಕು ಅಂತ ಹೇಳುವಾಗ, ಪ್ಯಾನೆಲನ್ನು ದಿನಕ್ಕೆ ಮೂರು ಸಲ ತಿರುಗಿಸಿದಾಗ ಎಂಬ ಷರತ್ತು ಇರುತ್ತದೆ. ನಮ್ಮಲ್ಲಿ ಎಷ್ಟು ಜನ ತಿರುಗಿಸುತ್ತಾರೆ?

ಮೋಡದ ದಿನ ಮಾತ್ರ ಇದರಿಂದ ಲಾಭವಿಲ್ಲ. ಬೆಳಕು ಆಕಾಶದ ಎಲ್ಲ ಕಡೆಯಿಂದ ಬರುವುದರಿಂದ ಆಗ ಮಲಗಿದ ಪ್ಯಾನೆಲೇ ವಾಸಿ.

ಮೊದಲ ಸಲ ಕೆಟ್ಟಿದ್ದು

2020ರಲ್ಲಿ ಒಂದೇ ಕಂಬದ ಮೇಲೆ ಚೌಕಟ್ಟು ಕೂರಿಸಿದೆ. ಎರಡು ಪ್ಯಾನೆಲನ್ನು ಅಕ್ಕಪಕ್ಕ ಇಟ್ಟು ಎರಡು ಮೀಟರ್ ಅಗಲ, ಎರಡು ಮೀಟರ್ ಉದ್ದದ ಚೌಕ ಮಾಡಿದೆ. ಪೇಟೆಯ ರೇಡಿಯೋ ರಿಪೇರಿಯವನಿಂದ ಬೆಳಕು ನೋಡುವ ಎರಡು ಕಣ್ಣಿನ ಒಂದು ಬೋರ್ಡು ಮಾಡಿಸಿದೆ. ಎರಡು ಕಣ್ಣಿನ ನಡುವೆ ಒಂದು ತಗಡು. ಯಾವ ಕಣ್ಣಿಗೆ ನೆರಳು ಬೀಳುತ್ತದೋ ಅದರ ಎದುರು ಕಡೆಗೆ ಮೋಟಾರು ಪ್ಯಾನೆಲನ್ನು ತಿರುಗಿಸುತ್ತದೆ. ಬಿಸಿಲು ಚೆನ್ನಾಗಿದ್ದಾಗ ನೋಡಲು ಬಹಳ ಚೆಂದ. ಊರವರು ಬಂದು ನೋಡಿ ಹೋದರು.

ಆಷಾಢ ಬಂತು. ಮೋಡ ಬಂತು, ಹೋಯಿತು. ಮೋಟಾರು ಆ ಕಡೆ ಈ ಕಡೆ ದಿನವಿಡೀ ಓಡಾಡಿ ಬ್ಯಾಟರಿ ಖಾಲಿ ಮಾಡಿತು. ಒಂದು ಕಣ್ಣಿಗೆ ಜೇಡ ಬಲೆ ಕಟ್ಟಿದಾಗ ಪ್ಯಾನೆಲ್ ಮಧ್ಯಾಹ್ನವೇ ಪಶ್ಚಿಮಕ್ಕೆ ಹೋಗಿ ನಿಂತಿತು. ಇದನ್ನೆಲ್ಲ ಹೇಗೋ ಸಂಭಾಳಿಸಿದೆ.

2021ರ ಮೇ ತಿಂಗಳು, ಕೃತ್ತಿಕೆ ಮಳೆಯ ಹೊತ್ತು. ಸಂಜೆ ನಾಲ್ಕೂವರೆಗೆ ಗಾಳಿ ಎದ್ದಿತು. ಆಗ ಪ್ಯಾನೆಲ್ ಪಶ್ಚಿಮಕ್ಕೆ ಗೋಡೆಯ ಹಾಗೆ ಎದ್ದು ನಿಂತಿತ್ತು. ನಾನು ಮನೆಯಲ್ಲಿದ್ದೆ. ಮನೆಗೂ ಹೊಲಕ್ಕೂ ಎರಡೂವರೆ ಕಿಲೋಮೀಟರು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಚೌಕಟ್ಟು ತಿರುಚಿಕೊಂಡು, ಒಂದು ಪ್ಯಾನೆಲಿನ ಗಾಜು ಅಕ್ಕಿ ನುಚ್ಚಿನಂತೆ ಬಿರುಕು ಬಿಟ್ಟಿತ್ತು. ಲಾಕ್‌ಡೌನ್ ಇತ್ತು, ಪೇಟೆ ಮುಚ್ಚಿತ್ತು. ಒಂದು ಪ್ಯಾನೆಲಿಗೆ ಪಂಪು ಎದ್ದೇಳಲಿಲ್ಲ. ಹೊಸ ಪ್ಯಾನೆಲ್ ಬರುವ ತನಕ ಗಾಡಿಯಲ್ಲಿ ಡ್ರಮ್ಮು ಇಟ್ಟು ನೀರು ಹೊಡೆದೆವು. ಆದರೂ 160 ಗಿಡದಲ್ಲಿ 40 ಹೋದವು. "ಸೂರ್ಯನ ಹಿಂದೆ ಓಡಿಸೋಕೆ ಹೋಗಿ ಗಾಳಿಗೆ ಕೊಟ್ರಿ" ಅಂದಳು ನಮ್ಮ ಮನೆಯವಳು. ಉತ್ತರ ಕೊಡಲಿಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಆಮೇಲೆ ಯೋಚನೆ ಮಾಡಿದೆ. ಮುಂಗಾರಿಗೆ ಮುಂಚಿನ ಬಿರುಗಾಳಿ ನಮ್ಮ ಕಡೆ ಹೆಚ್ಚಾಗಿ ಬರುವುದು ಮಧ್ಯಾಹ್ನ ಮೂರರ ಮೇಲೆ. ಸೂರ್ಯನ ಹಿಂದೆ ತಿರುಗುವ ಪ್ಯಾನೆಲ್ ಅತಿ ಹೆಚ್ಚು ಎದ್ದು ನಿಂತಿರುವುದೂ ಅದೇ ಹೊತ್ತಿಗೆ. ಇದು ಹುಟ್ಟಿನಲ್ಲೇ ಇರುವ ದೋಷ. ಹಾಗಾಗಿ ಎರಡನೇ ಸಲ ಬಿಸಿಲನ್ನು ಬದಿಗಿಟ್ಟು ಗಾಳಿಯನ್ನು ಮುಂದಿಟ್ಟುಕೊಂಡು ಮಾಡಿದೆ.

ಡಿಪ್ಲೊಮಾ ಓದುತ್ತಿರುವ ಮಗಳು ಒಂದು ಲೆಕ್ಕ ಹಾಕಿ ತೋರಿಸಿದಳು. ಗಂಟೆಗೆ 100 ಕಿ.ಮೀ. ಗಾಳಿ ನನ್ನ ಎರಡು ಪ್ಯಾನೆಲಿಗೆ ಎದುರಾಗಿ ಬಡಿದರೆ ಸುಮಾರು 200 ಕಿಲೋ ತೂಕ ದೂಡಿದ ಹಾಗೆ. 50 ಕಿ.ಮೀ. ಗಾಳಿಯಾದರೆ ಅರ್ಧ ಅಲ್ಲ, ಕಾಲುಭಾಗ, ಅಂದರೆ 50 ಕಿಲೋ. "ಅಪ್ಪಾ, ಗಾಳಿ ಎರಡರಷ್ಟಾದ್ರೆ ದೂಡೋದು ನಾಲ್ಕರಷ್ಟಾಗುತ್ತೆ" ಅಂದಳು. ಈ ಮಾತು ಗೊತ್ತಿದ್ದರೆ ಒಂದೇ ಕಂಬಕ್ಕೆ ಕೂರಿಸುತ್ತಿರಲಿಲ್ಲ.

ಕಂಬ ಮತ್ತು ಅಚ್ಚು

ಈಗಿನದು ಎರಡು ಕಂಬದ್ದು. ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಎರಡರ ನಡುವೆ ಗಾಡಿಯ ಅಚ್ಚಿನ ಹಾಗೆ ಎರಡಿಂಚಿನ ಜಿಐ ಪೈಪು. ಪ್ಯಾನೆಲನ್ನು ಈ ಅಚ್ಚಿನ ಉದ್ದಕ್ಕೆ ಒಂದರ ಹಿಂದೆ ಒಂದು ಮಲಗಿಸಿದ್ದೇನೆ. ಈಗ ನಾಲ್ಕು ಮೀಟರ್ ಉದ್ದ, ಒಂದೇ ಮೀಟರ್ ಅಗಲ. ಪ್ಯಾನೆಲ್ ಅಷ್ಟೇ ಇದ್ದರೂ ಗಾಳಿ ಅಚ್ಚನ್ನು ತಿರುಚುವ ಬಲ ಮೊದಲಿಗಿಂತ ಅರ್ಧ. ಅಗಲದ ಬಾಗಿಲನ್ನು ಗಾಳಿ ಎಷ್ಟು ಸುಲಭವಾಗಿ ಬಡಿಯುತ್ತದೆ, ಕಿರಿದಾದ ಕಿಟಕಿಯನ್ನು ಎಷ್ಟು ಬಡಿಯುತ್ತದೆ ಎಂದು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಉತ್ತರ ದಕ್ಷಿಣ ಗುರುತು ಮಾಡಲು ದಿಕ್ಸೂಚಿ ಬೇಡ. ನೆಲ ಸಮ ಮಾಡಿ ಒಂದು ಗೂಟ ನೆಟ್ಟಗೆ ಹುಗಿಯಿರಿ. ಗೂಟಕ್ಕೆ ಹಗ್ಗ ಕಟ್ಟಿ ಸುತ್ತ ಒಂದು ಗೆರೆ ಎಳೆಯಿರಿ. ಬೆಳಗ್ಗೆ ನೆರಳಿನ ತುದಿ ಗೆರೆಗೆ ತಾಕುವ ಜಾಗ, ಮಧ್ಯಾಹ್ನದ ಮೇಲೆ ಮತ್ತೆ ತಾಕುವ ಜಾಗ, ಎರಡಕ್ಕೂ ಕಲ್ಲಿಡಿ. ಎರಡು ಕಲ್ಲು ಸೇರಿಸಿದರೆ ಪೂರ್ವ ಪಶ್ಚಿಮ. ಅದಕ್ಕೆ ಅಡ್ಡಲಾಗಿ ನೆಟ್ಟಗೆ ಎಳೆದರೆ ಉತ್ತರ ದಕ್ಷಿಣ.

ಕಂಬ ಮೂರಿಂಚಿನ ಪೈಪು. ಮೂರು ಅಡಿ ಆಳ ಗುಂಡಿ ತೆಗೆದು ಜಲ್ಲಿ ಸಿಮೆಂಟು ತುಂಬಿದೆ. ಪೈಪಿನ ಬುಡಕ್ಕೆ ಎರಡು ತುಂಡು ಕಂಬಿ ಅಡ್ಡ ಬೆಸುಗೆ ಹಾಕಿದರೆ ಕಂಬ ಗುಂಡಿಯೊಳಗೆ ತಿರುಗುವುದಿಲ್ಲ. ದಕ್ಷಿಣದ ಕಂಬ ನೆಲದಿಂದ ನಾಲ್ಕೂವರೆ ಅಡಿ. ಉತ್ತರದ್ದು ಅದಕ್ಕಿಂತ 35 ಸೆಂ.ಮೀ. ಎತ್ತರ. ಇದರಿಂದ ಅಚ್ಚು ದಕ್ಷಿಣಕ್ಕೆ ಐದು ಡಿಗ್ರಿ ಇಳಿಜಾರು. ನಮ್ಮ ಊರು 14 ಡಿಗ್ರಿ ಅಕ್ಷಾಂಶದಲ್ಲಿದೆ, ಹಾಗಾಗಿ 14 ಡಿಗ್ರಿ ಇಳಿಜಾರು ಇಡಿ ಅಂತ ಹೇಳುವವರಿದ್ದಾರೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ನಡುಹಗಲಿನ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ನಮಗೆ ನೀರಿನ ಕಷ್ಟ ಬೇಸಿಗೆಯಲ್ಲಿ. ಅದಕ್ಕೆ ಮಳೆ ನೀರು ಜಾರಿ ಹೋಗುವಷ್ಟು ಇಳಿಜಾರು ಸಾಕು ಅಂತ ಐದಕ್ಕೆ ನಿಲ್ಲಿಸಿದೆ.

ಅಚ್ಚು ತಿರುಗಲು ಮೊದಲ ಸಲ ಬಾಲ್ ಬೇರಿಂಗ್ ಹಾಕಿದ್ದೆ. ಧೂಳು ತುಂಬಿ ಒಂದೇ ವರ್ಷಕ್ಕೆ ಹಿಡಿದುಕೊಂಡಿತು. ಈಗ ಕಂಬದ ತಲೆಗೆ ಎರಡೂವರೆ ಇಂಚಿನ ಪೈಪಿನ ಗೇಣುದ್ದ ತುಂಡು ಬೆಸೆದು, ಅದರೊಳಗೆ ಅಚ್ಚು ತೂರಿಸಿದ್ದೇನೆ. ಎರಡರ ನಡುವೆ ಕಬ್ಬಿಣಕ್ಕೆ ಕಬ್ಬಿಣ ತಾಕದಂತೆ 63 ಮಿ.ಮೀ. ಎಚ್‌ಡಿಪಿಇ ಪೈಪನ್ನು ಉದ್ದಕ್ಕೆ ಸೀಳಿ ಹೊದಿಸಿದ್ದೇನೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಗ್ರೀಸು. ದಿನಕ್ಕೆ ಒಂದು ಸಲ ಹೋಗಿ ಬರುವ ಅಚ್ಚಿಗೆ ಇಷ್ಟು ಸಾಕು.

ಮುಖ್ಯವಾದದ್ದು ತೂಕದ ಸಮ. ಒಂದು ಪ್ಯಾನೆಲ್ 22 ಕಿಲೋ. ಅದು ಅಚ್ಚಿನ ಮೇಲೆ ಕೂತಿರುವುದರಿಂದ ಓರೆಯಾದ ಕೂಡಲೇ ಇನ್ನೂ ಕೆಳಕ್ಕೆ ಎಳೆಯುತ್ತದೆ. ಅಚ್ಚಿನ ಕೆಳಗೆ ಒಂದೂಕಾಲು ಅಡಿ ಇಳಿಬಿಟ್ಟು ಹಳೇ ನೇಗಿಲ ಗುಳ, ಗುಜರಿ ಕಬ್ಬಿಣ ಸೇರಿಸಿ ಎಂಟು ಕಿಲೋ ಕಟ್ಟಿದೆ. ಈಗ ಯಾವ ಓರೆಯಲ್ಲಿ ಬಿಟ್ಟರೂ ತಕ್ಕಡಿ ನಿಂತ ಹಾಗೆ ಅಲ್ಲೇ ನಿಲ್ಲುತ್ತದೆ. ಹೀಗೆ ನಿಲ್ಲುವ ತನಕ ಮೋಟಾರು ಕಟ್ಟಬೇಡಿ.

ಮೊದಲು ಕೈಯಲ್ಲಿ ತಿರುಗಿಸಿ

ಎರಡು ತಿಂಗಳು ಮೋಟಾರಿಲ್ಲದೆ ಕೈಯಲ್ಲೇ ತಿರುಗಿಸಿದೆ. ಅಚ್ಚಿಗೆ ಅರ್ಧಚಂದ್ರದ ತಗಡು, ಅದರಲ್ಲಿ ಮೂರು ತೂತು, ಕಂಬದಿಂದ ಬರುವ ಒಂದು ಪಿನ್ನು. ಬೆಳಗ್ಗೆ ಪೂರ್ವದ ತೂತು, ಹನ್ನೊಂದಕ್ಕೆ ನಡುವಿನದು, ಒಂದೂವರೆಗೆ ಪಶ್ಚಿಮದ್ದು. ಸಂಜೆ ಹೋಗುವಾಗ ಮತ್ತೆ ನಡುವಿನದಕ್ಕೆ ತಂದು ಮಲಗಿಸುವುದು. ನೀರು 11 ಟ್ಯಾಂಕು ಬಂತು. ಮೋಟಾರು ಹಾಕಿದ ಮೇಲೆ 12. ಅಂದರೆ ಲಾಭದ ದೊಡ್ಡ ಪಾಲು ಕೈಯಲ್ಲೇ ಸಿಕ್ಕಿತು.

ಕಾರಣ ಇಷ್ಟೇ. ಪ್ಯಾನೆಲ್ ಸೂರ್ಯನಿಂದ 10 ಡಿಗ್ರಿ ತಪ್ಪಿ ನಿಂತರೆ ನೂರಕ್ಕೆ ಒಂದೂವರೆ ಪಾಲು ಮಾತ್ರ ಹೋಗುತ್ತದೆ. 25 ಡಿಗ್ರಿ ತಪ್ಪಿದರೂ ಹತ್ತರೊಳಗೆ. 45 ತಪ್ಪಿದರೆ ಮಾತ್ರ ಮೂವತ್ತರ ಹತ್ತಿರ. ಹಾಗಾಗಿ ಕೂದಲೆಳೆಯಷ್ಟು ಕರಾರುವಾಕ್ಕು ಬೇಡವೇ ಬೇಡ.

ಸರಿಯಾಗಿ ಎದುರಾಗಿದೆಯೇ ಎಂದು ನೋಡಲು ಚೌಕಟ್ಟಿನ ಅಂಚಿಗೆ ಗೇಣುದ್ದದ ಕಡ್ಡಿಯನ್ನು ಪ್ಯಾನೆಲಿಗೆ ನೆಟ್ಟಗೆ ನಿಲ್ಲಿಸಿ. ಅದರ ನೆರಳು ಪೂರ್ವಕ್ಕೂ ಬೀಳದೆ ಪಶ್ಚಿಮಕ್ಕೂ ಬೀಳದೆ ಇದ್ದರೆ ಸರಿ. ತೋಟದಲ್ಲೇ ಮನೆ ಇರುವವರು ಇಲ್ಲಿಗೆ ನಿಲ್ಲಿಸಬಹುದು. ನನ್ನ ಮನೆ ದೂರ, ಮಧ್ಯಾಹ್ನ ಯಾರೂ ಇರುವುದಿಲ್ಲ. ಅದಕ್ಕೆ ಮುಂದಕ್ಕೆ ಹೋದೆ.

ಜಾಕ್ ಮತ್ತು ಗಡಿಯಾರ

ಕೇಬಲ್ ಟಿವಿಯವರು ಹಿಂದೆ ದೊಡ್ಡ ಡಿಶ್ ತಿರುಗಿಸಲು ಹಾಕುತ್ತಿದ್ದ ಉದ್ದನೆ ಜಾಕ್ ನೋಡಿರುತ್ತೀರಿ. ಒಳಗೆ ಸ್ಕ್ರೂ ಇರುತ್ತದೆ. ಮೋಟಾರು ತಿರುಗಿದರೆ ಕೋಲು ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ. ಗಾಳಿ ದೂಡಿದರೆ ಹಿಂದಕ್ಕೆ ಜಾರುವುದಿಲ್ಲ. ಗುಜರಿಯಲ್ಲಿ 18 ಇಂಚಿನದು ಸಿಕ್ಕಿತು. ಅದು 36 ವೋಲ್ಟಿನದು. 12 ವೋಲ್ಟಿನ ಬ್ಯಾಟರಿ ಕೊಟ್ಟರೆ ನಿಧಾನಕ್ಕೆ ಓಡುತ್ತದೆ. ನಮಗೂ ನಿಧಾನವೇ ಬೇಕು. ತೂಕ ಸಮ ಇರುವುದರಿಂದ ಬಲ ಸಾಕಾಗುತ್ತದೆ. ಈ ಜಾಕಿನೊಳಗೇ ಎರಡು ಮಿತಿ ಸ್ವಿಚ್ ಇರುತ್ತವೆ. ಎರಡು ತುದಿಯಲ್ಲೂ ತಾನೇ ನಿಲ್ಲುವಂತೆ ಕೂರಿಸಿಕೊಳ್ಳಬೇಕು. ಅಚ್ಚಿನಿಂದ 30 ಸೆಂ.ಮೀ. ದೂರದ ಕೊಂಡಿಗೆ ಜಾಕಿನ ತುದಿ ಸೇರಿಸಿದರೆ ಪೂರ್ವಕ್ಕೆ 45, ಪಶ್ಚಿಮಕ್ಕೆ 45 ಡಿಗ್ರಿ ತಿರುಗಲು 42 ಸೆಂ.ಮೀ. ಓಟ ಬೇಕು.

ಬೆಳಕಿನ ಕಣ್ಣು ಈ ಸಲ ಬೇಡ ಅಂದುಕೊಂಡೆ. ಸೂರ್ಯ ಹೊತ್ತು ತಪ್ಪಿಸುವವನಲ್ಲ, ಗಂಟೆಗೆ 15 ಡಿಗ್ರಿ ನಡೆಯುತ್ತಾನೆ. ಮೋಡ ಇರಲಿ ಬಿಡಲಿ ಗಡಿಯಾರ ನಡೆಯುತ್ತದೆ. ಬೀದಿ ದೀಪಕ್ಕೆ ಹಾಕುವ 12 ವೋಲ್ಟಿನ ಡಿಜಿಟಲ್ ಟೈಮರ್ ಎರಡು ತಂದೆ. ಒಂದು ಪಶ್ಚಿಮಕ್ಕೆ ಓಡಿಸಲು, ಒಂದು ಪೂರ್ವಕ್ಕೆ ಓಡಿಸಲು.

ನನ್ನ ಜಾಕ್ ನಿಮಿಷಕ್ಕೆ ಏಳು ಸೆಂ.ಮೀ. ಓಡುತ್ತದೆ. 42 ಸೆಂ.ಮೀ.ಗೆ ಆರು ನಿಮಿಷ. ಹಾಗಾಗಿ ಗಂಟೆಗೊಂದು ಸಲ, ಒಂದು ನಿಮಿಷ. ಪಶ್ಚಿಮದ ಟೈಮರ್ 9.50, 10.50, 11.50, 12.50, 1.50, 2.50ಕ್ಕೆ ಒಂದೊಂದು ನಿಮಿಷ ಓಡುತ್ತದೆ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ಕಾರ್ತಿಕದಲ್ಲಿ ಹನ್ನೆರಡು ದಾಟಿ ಐದು ನಿಮಿಷಕ್ಕೆ ಬಂದರೆ ಮಾಘದಲ್ಲಿ ಹನ್ನೆರಡೂವರೆ ದಾಟುತ್ತದೆ. ನಡುವೆ ಹಿಡಿದು 12.20 ಇಟ್ಟುಕೊಂಡೆ. ಪೂರ್ವದ ಟೈಮರ್ ಸಂಜೆ 5.15ಕ್ಕೆ ಮೂರು ನಿಮಿಷ ಓಡಿ ಪ್ಯಾನೆಲನ್ನು ಮಲಗಿಸುತ್ತದೆ. ಬೆಳಗ್ಗೆ 6.15ಕ್ಕೆ ನಾಲ್ಕು ನಿಮಿಷ ಓಡುತ್ತದೆ. ಮೂರು ನಿಮಿಷಕ್ಕೇ ಪೂರ್ವದ ತುದಿ ಬರುತ್ತದೆ, ಉಳಿದ ಒಂದು ನಿಮಿಷ ಮಿತಿ ಸ್ವಿಚ್ ತಡೆದು ನಿಲ್ಲಿಸಿರುತ್ತದೆ. ಹಿಂದಿನ ದಿನ ಬ್ಯಾಟರಿ ಇಳಿದು ಲೆಕ್ಕ ತಪ್ಪಿದ್ದರೂ ದಿನಾ ಬೆಳಗ್ಗೆ ಮತ್ತೆ ಮೊದಲಿಂದ ಶುರು. ನಿಮ್ಮ ಜಾಕಿನ ವೇಗ ಬೇರೆ ಇರುತ್ತದೆ, ಅಳೆದುಕೊಂಡು ನಿಮಿಷ ಇಡಿ.

ಟೈಮರಿನಿಂದ ಮೋಟಾರಿಗೆ ಎರಡು ರಿಲೇ. ಮೋಟಾರಿನ ಒಂದೊಂದು ವೈರು ಒಂದೊಂದು ರಿಲೇಯ ನಡುವಿನ ಕಾಲಿಗೆ. ರಿಲೇ ಸುಮ್ಮನಿದ್ದಾಗ ಆ ಕಾಲು ಮೈನಸ್‌ಗೆ, ಎಳೆದಾಗ ಪ್ಲಸ್‌ಗೆ ಸೇರಬೇಕು. ಹೀಗೆ ಜೋಡಿಸಿದರೆ ಎರಡು ಟೈಮರ್ ತಪ್ಪಿ ಒಟ್ಟಿಗೆ ಓಡಿದರೂ ಮೋಟಾರಿನ ಎರಡೂ ಕಡೆ ಪ್ಲಸ್ ಬಂದು ಅದು ನಿಲ್ಲುತ್ತದೆ, ಸುಡುವುದಿಲ್ಲ. ಬ್ಯಾಟರಿಯ ಬುಡದಲ್ಲೇ 3 ಆಂಪಿಯರ್ ಫ್ಯೂಸು ಇರಲೇಬೇಕು. ದಿನಕ್ಕೆ ಮೋಟಾರು ಓಡುವುದು ಹದಿಮೂರು ನಿಮಿಷದೊಳಗೆ. 7 ಆಂಪಿಯರ್ ಅವರ್ ಬ್ಯಾಟರಿ, 10 ವಾಟಿನ ಪುಟ್ಟ ಪ್ಯಾನೆಲ್, ಒಂದು ಚಾರ್ಜ್ ಕಂಟ್ರೋಲರ್ ಧಾರಾಳ.

ಒಂದು ಎಚ್ಚರಿಕೆ. ಪಂಪಿನ ಎರಡು ಪ್ಯಾನೆಲ್ ಸಾಲಾಗಿ ಸೇರಿದರೆ ಬಿಸಿಲಲ್ಲಿ 90 ವೋಲ್ಟ್ ದಾಟುತ್ತದೆ. ಡಿಸಿ ಕರೆಂಟು ಮೈ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಆ ವೈರು ಮುಟ್ಟುವ ಮುಂಚೆ ಪ್ಯಾನೆಲಿಗೆ ಕಂಬಳಿ ಹೊದಿಸಿ.

ಮಳೆ, ಧೂಳು, ಇರುವೆ

ಇಲ್ಲಿಯವರೆಗೆ ಹೇಳಿದ್ದು ಎಂಟು ದಿನದ ಕೆಲಸ. ಇದನ್ನು ಬಯಲಲ್ಲಿ ಉಳಿಸುವುದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ಜಾಕ್: ಇದರ ಮೋಟಾರು ಡಬ್ಬಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗೆ ಬಂದ ನೀರು ಹೊರಗೆ ಹೋಗಲು ಇಟ್ಟದ್ದು. ನಾನು ಮೊದಲ ಸಲ ಅದನ್ನು ಮೇಲ್ಮುಖ ಮಾಡಿ ಕೂರಿಸಿದ್ದೆ. ಒಂದು ಮಳೆಗೆ ಗೇರು ನೀರಲ್ಲಿ ಮುಳುಗಿ ತುಕ್ಕು ಹಿಡಿಯಿತು. ತೂತು ಎಲ್ಲಕ್ಕಿಂತ ಕೆಳಗೆ ಬರಬೇಕು. ಕೋಲು ಒಳಗೆ ಹೊರಗೆ ಆಡುವ ಬಾಯಿಗೆ ಬೈಕಿನ ಮುಂದಿನ ಫೋರ್ಕಿಗೆ ಹಾಕುವ ಮಡಿಕೆ ಮಡಿಕೆ ರಬ್ಬರು ಚೀಲ ಕಟ್ಟಿದೆ. ಧೂಳು ಕೋಲಿಗೆ ಅಂಟುವುದು ನಿಂತಿತು.

ಡಬ್ಬಿ: ಟೈಮರ್, ರಿಲೇ ಇರುವ ಡಬ್ಬಿಗೆ ಎಲ್ಲ ಕಡೆ ಸಿಲಿಕಾನ್ ಮೆತ್ತಿ ಮುಚ್ಚಿದ್ದೆ. ಒಂದು ತಿಂಗಳಿಗೆ ಒಳಗೆ ನೀರಿನ ಹನಿ! ಹಗಲು ಡಬ್ಬಿ ಕಾಯುತ್ತದೆ, ಒಳಗಿನ ಗಾಳಿ ಹೊರಗೆ ಹೋಗುತ್ತದೆ. ರಾತ್ರಿ ತಣಿದಾಗ ತೇವದ ಗಾಳಿಯನ್ನು ಎಲ್ಲಿಂದಲೋ ಎಳೆದುಕೊಳ್ಳುತ್ತದೆ. ಆ ತೇವ ಹೊರಗೆ ಹೋಗಲು ದಾರಿಯಿಲ್ಲ. ಈಗ ಡಬ್ಬಿಯ ತಳದಲ್ಲಿ ಎರಡು ತೂತು ಇಟ್ಟು ಸೊಳ್ಳೆ ಜಾಲರಿ ಅಂಟಿಸಿದ್ದೇನೆ. ವೈರುಗಳೆಲ್ಲ ತಳದಿಂದಲೇ ಒಳಗೆ ಹೋಗುತ್ತವೆ. ಹೋಗುವ ಮುಂಚೆ ಪ್ರತಿ ವೈರೂ ಕೆಳಗೆ ಒಂದು ಜೋಲಿ ಬಿದ್ದು ಮೇಲಕ್ಕೆ ಏರಬೇಕು. ಆಗ ವೈರಿನ ಮೇಲೆ ಹರಿದು ಬಂದ ನೀರು ಜೋಲಿಯಲ್ಲೇ ತೊಟ್ಟಿಕ್ಕುತ್ತದೆ. ಇಡೀ ಡಬ್ಬಿಯ ಮೇಲೆ ಹತ್ತು ಲೀಟರಿನ ಪೇಂಟು ಬಕೆಟ್ಟು ಬೋರಲು ಹಾಕಿದ್ದೇನೆ. ಇದಕ್ಕಿಂತ ಒಳ್ಳೆ ಮಾಡು ಇಲ್ಲ. ಉತ್ತರದ ಕಂಬದ ಉತ್ತರ ಮಗ್ಗುಲಿಗೆ ಕಟ್ಟಿದರೆ ವರ್ಷದ ಬಹುಕಾಲ ನೆರಳು. ಬಿಳಿ ಬಕೆಟ್ಟು ಎರಡು ಬೇಸಿಗೆಗೆ ಪುಡಿಯಾಗುತ್ತದೆ, ಬದಲಾಯಿಸಬೇಕು.

ಹುಳ ಹುಪ್ಪಟೆ: ಬೆಚ್ಚಗಿನ ಡಬ್ಬಿ ಅಂದರೆ ಇರುವೆಗೆ ಅರಮನೆ. ಒಂದು ಸಲ ಹಲ್ಲಿ ರಿಲೇ ಕಾಲಿಗೆ ಅಡ್ಡ ಬಿದ್ದು ಸತ್ತು ಫ್ಯೂಸು ಹೋಯಿತು. ಈಗ ಜಾಲರಿ ಇದೆ, ಒಳಗೆ ನಾಲ್ಕು ನುಸಿ ಗುಳಿಗೆ ಇದೆ, ಕಂಬದ ಸುತ್ತ ನಾಲ್ಕು ಬೆರಳಗಲ ಗ್ರೀಸು ಇದೆ. ವೈರು ಕಡಿಯುವುದು ಇಲಿ, ಅಳಿಲು. ಡ್ರಿಪ್ಪಿನ ಹಳೇ 16 ಮಿ.ಮೀ. ಲ್ಯಾಟರಲ್ ಪೈಪಿನೊಳಗೆ ವೈರು ತೂರಿಸಿದೆ. ಖರ್ಚಿಲ್ಲ, ಬಿಸಿಲಿಗೂ ತಡೆಯುತ್ತದೆ.

ತಿರುಗುವ ಕಡೆ ವೈರು: ಪ್ಯಾನೆಲಿನಿಂದ ಕಂಬಕ್ಕೆ ಬರುವ ವೈರು ದಿನಾ ಬಾಗುತ್ತದೆ. ಬಿಗಿಯಾಗಿ ಕಟ್ಟಿದರೆ ಒಳಗಿನ ತಾಮ್ರ ತುಂಡಾಗುತ್ತದೆ, ಹೊರಗೆ ಕಾಣುವುದೂ ಇಲ್ಲ. ಅಚ್ಚಿಗೆ ಅಂಟಿಕೊಂಡಂತೆ ತಂದು, ಅಲ್ಲಿ ಒಂದು ಮೊಳದ ಸಡಿಲ ಸುತ್ತು ಬಿಟ್ಟು ಕಂಬಕ್ಕೆ ಇಳಿಸಬೇಕು. ಎಳೆ ಎಳೆಯ ತಂತಿಯೇ ಆಗಬೇಕು.

ತುಕ್ಕು: ಬೆಸುಗೆ ಹಾಕಿದ ಕಡೆಯೆಲ್ಲ ಉಜ್ಜಿ ರೆಡ್ ಆಕ್ಸೈಡ್, ಮೇಲೆ ಅಲ್ಯೂಮಿನಿಯಂ ಪೇಂಟು. ಪೈಪಿನ ತೆರೆದ ಬಾಯಿಗೆ ಮುಚ್ಚಳ ಹಾಕದಿದ್ದರೆ ನೀರು, ಕಣಜದ ಗೂಡು ಎರಡೂ ಸೇರುತ್ತವೆ. ಪ್ಯಾನೆಲಿನ ಅಲ್ಯೂಮಿನಿಯಂ ಅಂಚು ಕಬ್ಬಿಣಕ್ಕೆ ನೇರ ತಾಕುವ ಕಡೆ ಸೈಕಲ್ ಟ್ಯೂಬಿನ ತುಂಡು ಇಡಿ.

ಗಾಳಿಗೆ ಏನು ಮಾಡಿದೆ

ಒಂದು, 45 ಡಿಗ್ರಿಗಿಂತ ಹೆಚ್ಚು ಏಳಿಸುವುದಿಲ್ಲ. 60ಕ್ಕೆ ಎಬ್ಬಿಸಿದರೆ ಸಿಗುವ ನೀರು ಸ್ವಲ್ಪ, ಗಾಳಿಗೆ ಕೊಡುವ ಮೈ ಬಹಳ. ಎರಡು, ರಾತ್ರಿ ಯಾವಾಗಲೂ ಮಲಗಿರುತ್ತದೆ. ಮೂರು, ಯುಗಾದಿಯಿಂದ ರೋಹಿಣಿ ಮಳೆ ಕಳೆಯುವ ತನಕ ಮಲಗಿಸುವ ಹೊತ್ತನ್ನು 5.15ರಿಂದ 3.30ಕ್ಕೆ ತಂದುಬಿಡುತ್ತೇನೆ. ಅರ್ಧ ಟ್ಯಾಂಕು ನೀರು ಕಮ್ಮಿಯಾಗುತ್ತದೆ, ಆಗಲಿ. ನಾಲ್ಕು, ಮೋಡ ಕಟ್ಟಿದ್ದು ಕಂಡಾಗ ಒತ್ತಲು ಕಂಬದಲ್ಲಿ ಬೇರೆ ಸ್ವಿಚ್ಚು ಇದೆ. ಪಕ್ಕದ ಹೊಲದವರಿಗೂ ತೋರಿಸಿಕೊಟ್ಟಿದ್ದೇನೆ. ಐದು, ಹಳೇ ಅರ್ಧಚಂದ್ರದ ತಗಡನ್ನು ತೆಗೆದಿಲ್ಲ. ಎಲ್ಲಾದರೂ ನಾಲ್ಕು ದಿನ ಹೋಗುವುದಿದ್ದರೆ ಮಲಗಿಸಿ ಪಿನ್ನು ಹಾಕುತ್ತೇನೆ. ಪಿನ್ನು ಹಾಕಿದಾಗ ಬ್ಯಾಟರಿ ವೈರು ಬಿಡಿಸಲೇಬೇಕು. ಒಂದು ಸಲ ಮರೆತೆ, ಫ್ಯೂಸು ಹೋಗಿ ಜಾಕ್ ಉಳಿಯಿತು.

ಆಷಾಢದ ಗಾಳಿ ಬೇರೆ ಬಗೆ. ಅದು ಮುರಿಯುವುದಿಲ್ಲ, ಅಲುಗಿಸುತ್ತದೆ. ತಿಂಗಳುಗಟ್ಟಲೆ ಅಲುಗಾಡಿ ನಟ್ಟು ಸಡಿಲ. ಎಲ್ಲ ಬೋಲ್ಟಿಗೂ ಎರಡೆರಡು ನಟ್ಟು ಹಾಕಿ, ಆಷಾಢದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸ್ಪ್ಯಾನರ್ ಹಿಡಿದು ಸುತ್ತು ಬನ್ನಿ.

ಖರ್ಚು, ಮತ್ತು ಯಾರಿಗೆ ಬೇಡ

ನನಗೆ ಆದ ಖರ್ಚು: ಪೈಪು 4,200, ವೆಲ್ಡಿಂಗ್ 2,000, ಜಲ್ಲಿ ಸಿಮೆಂಟು 1,300, ಜಾಕ್ 1,500, ಟೈಮರ್ 1,400, ರಿಲೇ, ಫ್ಯೂಸು, ಡಬ್ಬಿ 400, ಬ್ಯಾಟರಿ 900, ಪುಟ್ಟ ಪ್ಯಾನೆಲ್ ಮತ್ತು ಚಾರ್ಜ್ ಕಂಟ್ರೋಲರ್ 1,100, ಬೋಲ್ಟು, ಬಣ್ಣ 800. ಒಟ್ಟು 13,600 ರೂಪಾಯಿ. ಅಷ್ಟು ದುಡ್ಡಿಗೆ ನನಗೆ ಇನ್ನೊಂದು ಪ್ಯಾನೆಲೇ ಬರುತ್ತಿತ್ತು. ಅದನ್ನು ಗೋಡೆಯ ಹಾಗೆ ಭದ್ರ ಮಾಡಿದ್ದರೆ ಗ್ರೀಸಿಲ್ಲ, ಇರುವೆಯಿಲ್ಲ.

ಹಾಗಾದರೆ ಯಾಕೆ ಮಾಡಿದೆ? ನನ್ನ ಪಂಪಿನ ಕಂಟ್ರೋಲರಿಗೆ 100 ವೋಲ್ಟಿಗಿಂತ ಹೆಚ್ಚು ಕೊಡಬಾರದು ಅಂತ ಅದರ ಮೇಲೇ ಬರೆದಿದೆ. ಮೂರನೇ ಪ್ಯಾನೆಲ್ ಸಾಲಿಗೆ ಸೇರಿಸಿದರೆ ಅದು ಸುಡುತ್ತದೆ. ಸೇರಿಸುವುದಾದರೆ ಜೋಡಿಯಾಗಿ ಎರಡು ಸೇರಿಸಬೇಕು. ಅಷ್ಟು ದುಡ್ಡು ಆಗ ಇರಲಿಲ್ಲ. ನಿಮ್ಮ ಪಂಪಿಗೆ ಇನ್ನೊಂದು ಪ್ಯಾನೆಲ್ ಸೇರಿಸಲು ಅವಕಾಶ ಇದ್ದರೆ ಮೊದಲು ಅದರ ಬೆಲೆ ಕೇಳಿ, ಆಮೇಲೆ ವೆಲ್ಡಿಂಗ್ ಅಂಗಡಿಗೆ ಹೋಗಿ. ಮನೆ ಚಾವಣಿಯ ಪ್ಯಾನೆಲಿಗಂತೂ ಈ ಉಸಾಬರಿ ಬೇಡ. ಹೊಲದಲ್ಲೇ ಇರುವವರಿಗೆ ಕೈಯಲ್ಲಿ ತಿರುಗಿಸುವುದೇ ಸಾಕು. ಅದಕ್ಕೆ ಎಂಟು ಸಾವಿರ ಚಿಲ್ಲರೆಯಲ್ಲಿ ಮುಗಿಯುತ್ತದೆ.

2023ರಲ್ಲಿ ಬರ ಬಂತು. ಶೇಂಗಾ ಬಿತ್ತಿದ ಬೀಜವೂ ಹುಟ್ಟಲಿಲ್ಲ. ಬೋರು ಇಳಿಯಿತು, ಮಧ್ಯಾಹ್ನ ಒಂದೇ ಸಮನೆ ಎತ್ತಿದರೆ ಗಾಳಿ ಕುಡಿಯುತ್ತಿತ್ತು. ಆಗ ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆಯ ಬೆಲೆ ಗೊತ್ತಾಯಿತು. ಬೆಳಗ್ಗೆ ಎತ್ತಿ, ನಡುಹಗಲು ಪಂಪು ನಿಲ್ಲಿಸಿ ಬೋರು ಊರಲು ಬಿಟ್ಟು, ಮತ್ತೆ ಸಂಜೆ ಎತ್ತಿದೆ. 2021ರಲ್ಲಿ ಸತ್ತ 40ರ ಜಾಗಕ್ಕೆ ಇಟ್ಟ ಸಸಿಗಳೂ ಸೇರಿ 160 ಗಿಡವೂ ಉಳಿದವು. ಅದೇ ಬೇಸಿಗೆಯ ಕೊನೆಗೆ ಒಂದು ಸಂಜೆ ಜೋರು ಗಾಳಿ ಬಂತು. ಓಡಿಹೋಗಿ ನೋಡಿದರೆ ಪ್ಯಾನೆಲ್ ಮಲಗಿತ್ತು, ಬಕೆಟ್ಟು ಮಾತ್ರ ಹಾರಿಹೋಗಿತ್ತು. ಈಗ ಅದಕ್ಕೂ ಒಂದು ತಂತಿ ಬಿಗಿದಿದ್ದೇನೆ.

ಬೇರೆ ಕಡೆಯ ರೈತರು ಇಂಥದ್ದು ಮಾಡಿದ್ದರೆ, ಅದರಲ್ಲೂ ಮಾಡಿ ಕೆಟ್ಟಿದ್ದರೆ, ದಯವಿಟ್ಟು ಪತ್ರಿಕೆಗೆ ಬರೆಯಿರಿ. ಕೆಟ್ಟಿದ್ದನ್ನು ಓದಿದರೆ ಇನ್ನೊಬ್ಬರ ಒಂದು ಪ್ಯಾನೆಲ್ ಉಳಿಯುತ್ತದೆ.